ತಲೆಗೆ ಬಂದ ಚೆಂಡು

ಮೊನ್ನೆ ಬೆಳಿಗ್ಗೆ ಹಿತ್ತಲಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ನಿಂತಿದ್ದೆ. ಪಕ್ಕದ ಮನೆಯ ರುದ್ರಪ್ಪ ಗೋಡೆಯಾಚೆಯಿಂದ "ಹಿಡೀರಿ ರಾಯರ" ಎಂದು ತನ್ನ ಗಿಡದ ಒಂದು ನಿಂಬೆಹಣ್ಣನ್ನು ನನ್ನತ್ತ ತೂರಿದ. ಇಂಥ ಹೊತ್ತಿನಲ್ಲಿ ಜನ ಕೈ ಚಾಚುತ್ತಾರೆ. ನಾನು ತಲೆ ಚಾಚಿದೆ. ಹಣ್ಣು ಹಣೆಗೆ ಟಪ್ಪೆಂದು ಬಡಿದು, ಕನ್ನಡಕವನ್ನು ಒಂದೇ ಕಿವಿಗೆ ತೂಗಹಾಕಿ, ಬಚ್ಚಲ ನೀರು ಹರಿಯುವಲ್ಲಿ ಹೋಗಿ ಬಿತ್ತು.

"ಕೈ ಎಲ್ಲೆ ಇಟ್ಟೀರಿ?" ಎಂದಳು ನನ್ನ ಹೆಂಡತಿ, ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ.

"ವೈನಿ, ಅವರಿಗೆ ಬೈಬ್ಯಾಡ್ರಿ," ಎಂದ ರುದ್ರಪ್ಪ. "ಅದು ಹಳೇ ಬ್ಯಾನಿ. ನನಗೂ ಐತಿ."

ನೀವು ನನ್ನನ್ನು ದೊಡ್ಡ ಆಟಗಾರನೆಂದು ತಿಳಿಯಬಾರದು. ನಾನು ಜನ್ಮದಲ್ಲಿ ಫುಟ್ಬಾಲು ಆಡಿದವನಲ್ಲ. ಸಾಲೆಯಲ್ಲಿದ್ದಾಗ ಚೆಂಡು ನನ್ನ ಕಡೆ ಬಂದರೆ ದೊಡ್ಡವರು ಬಂದ ಹಾಗೆ ಪಕ್ಕಕ್ಕೆ ಸರಿದು ದಾರಿ ಕೊಡುತ್ತಿದ್ದೆ. ನನ್ನದೇನಿದ್ದರೂ ನೋಡುವ ಆಟ. ಆದರೆ ನೋಡುವವನ ಕಷ್ಟ ಆಡುವವನಿಗೆ ತಿಳಿಯದು. ಆಡುವವನು ಚೆಂಡು ತನ್ನ ಹತ್ತಿರ ಬಂದಾಗ ಮಾತ್ರ ಒದೆಯುತ್ತಾನೆ. ನೋಡುವವನು ಎಲ್ಲ ಚೆಂಡನ್ನೂ ಒದೆಯಬೇಕು. ಕಚೇರಿಯ ಕಾರಕೂನಿಕೆಗೆ ಸೇರಿದ ಹೊಸತರಲ್ಲಿ ನಾನು ವಾರವಿಡೀ ಕುರ್ಚಿಯಲ್ಲಿ ಕೂತು ಕೂಡಿಟ್ಟ ಬಲವನ್ನೆಲ್ಲ ಶನಿವಾರ ಸಂಜೆ ಮ್ಯಾಚು ನೋಡುತ್ತ ನನ್ನ ಮುಂದೆ ನಿಂತವನ ಮೀನಖಂಡಕ್ಕೆ ಒಪ್ಪಿಸಿ ಬರುತ್ತಿದ್ದೆ. ಒಮ್ಮೆ ಒಂದು ಗಾಯನದ ಬೈಠಕ್ಕಿನಲ್ಲಿ ಗವಾಯಿಗಳು ದೊಡ್ಡದೊಂದು ತಾನ ಹೊಡೆದು ತಾಳದ ಸಮಕ್ಕೆ ಬಂದಾಗ ಎಲ್ಲರೂ "ವಾಹ್" ಎಂದರು. ನನ್ನ ಬಲಗಾಲು ಮುಂದೆ ಕೂತಿದ್ದ ಮಾಮಲೇದಾರರ ಬೆನ್ನಿಗೆ ಹೋಗಿ ತಾಕಿತು. ಅವರು ದೊಡ್ಡ ಮನುಷ್ಯರು, ಅದನ್ನೂ ರಸಿಕತೆ ಎಂದೇ ತಿಳಿದರು.

ಕಾಲಿನ ಚಾಳಿ ವಯಸ್ಸಾದಂತೆ ಹೋಯಿತು. ತಲೆಯದು ಹೋಗಲಿಲ್ಲ. ಅದು ಹತ್ತಿದ್ದು ಚಂದ್ರಪ್ಪನಿಂದ.

ನಮ್ಮ ಕ್ಲಬ್ಬಿನ ಪೂರ್ತಿ ಹೆಸರು ಹಿತಚಿಂತಕ ಕ್ರೀಡಾ ಮತ್ತು ನಾಟ್ಯ ಮಂಡಳ. ಫಲಕದ ಮೇಲೆ 'ನಾಟ್ಯ' ದೊಡ್ಡ ಅಕ್ಷರದಲ್ಲಿತ್ತು, 'ಕ್ರೀಡಾ' ಸಣ್ಣದರಲ್ಲಿ. ಬರೆಯುವವನಿಗೆ ಜಾಗ ಸಾಲದೆ ಹಾಗಾಯಿತೆಂದು ಹೇಳುತ್ತಿದ್ದರು. ನಾನು ನಂಬಿದವನಲ್ಲ. ಮಂಡಳದ ಅಧ್ಯಕ್ಷರು ಅಣ್ಣಾಸಾಹೇಬರು. ಧಾರವಾಡದಲ್ಲಿ ಹೆಸರಾದ ವಕೀಲರು, ಅದಕ್ಕಿಂತ ಹೆಚ್ಚಾಗಿ ಸಂಗೀತದ ಹುಚ್ಚರು. ಅವರು ಮಂಡಳಕ್ಕೆ ಒಂದು ನಿಯಮ ಹಾಕಿದ್ದರು: ಮೈದಾನದಲ್ಲಿ ಆಡುವವನು ರಂಗದ ಮೇಲೂ ಆಡಬೇಕು. ಎರಡು ತಂಡ ಸಾಕುವ ಗೊಡವೆ ಯಾಕೆಂಬುದು ಅವರ ವಿಚಾರ. ಹೀಗಾಗಿ ಬೇರೆ ಊರಿನ ಕ್ಲಬ್ಬುಗಳು ಹೊಸ ಆಟಗಾರನ ಕಾಲು ನೋಡಿದರೆ ನಮ್ಮವರು ಗಂಟಲು ನೋಡುತ್ತಿದ್ದರು.

ಅದರ ಫಲ ಏನೆಂದು ಹೇಳಲಿ? ಗೋಲು ಕಾಯುವ ನಮ್ಮ ಗೋಲಿಯನ್ನು ತಂದದ್ದು ರಾಕ್ಷಸನ ಪಾತ್ರಕ್ಕೆ. ದೇಹ ಗೋಲಿನ ಅರ್ಧ ಬಾಗಿಲು ಮುಚ್ಚುವಂತಿತ್ತು. ಉಳಿದರ್ಧದ ಕಡೆಗೆ ಅವನು ಗಮನ ಕೊಡುತ್ತಿರಲಿಲ್ಲ. ಲೆಫ್ಟ್ ಬ್ಯಾಕ್ ತಬಲಾ ಬಾರಿಸುವವ. ಬೆರಳಿಗೆ ಪೆಟ್ಟಾದೀತೆಂದು ಎರಡೂ ಕೈ ಬಗಲಲ್ಲಿಟ್ಟುಕೊಂಡೇ ಓಡುತ್ತಿದ್ದ. ಅವನಿಂದ ಒಂದು ದಿನವೂ ಹ್ಯಾಂಡ್‌ಬಾಲ್ ಆಗಲಿಲ್ಲ ಎಂಬುದಷ್ಟೇ ಲಾಭ. ಇನ್ನು ಆಟದ ಧಾಟಿಯೆಂದರೆ ಅಣ್ಣಾಸಾಹೇಬರದು ಒಂದೇ ಉಪದೇಶ. ಮೊದಲರ್ಧ ವಿಲಂಬಿತ, ಎರಡನೆಯದು ದ್ರುತ್. ಮೊದಲು ಸಾವಕಾಶವಾಗಿ ಚೆಂಡನ್ನು ಅವನಿಗೆ ಇವನಿಗೆ ಕೊಟ್ಟು ಮೈದಾನವನ್ನು ತಿಳಿದುಕೊಳ್ಳಬೇಕು, ಹಾಫ್ ಟೈಮ್ ಆದಮೇಲೆ ಓಡಬೇಕು. ಎದುರಿನ ತಂಡಕ್ಕೆ ಈ ಶಾಸ್ತ್ರ ಗೊತ್ತಿರಲಿಲ್ಲ. ಅವರು ಸೀಟಿ ಊದಿದ ಕೂಡಲೇ ದ್ರುತ್ ಹಿಡಿದುಬಿಡುತ್ತಿದ್ದರು.

ನಾನೂ ರುದ್ರಪ್ಪನೂ ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ನೋಡಿದವರಲ್ಲ. ಐತವಾರ ಬೆಳಿಗ್ಗೆ ಅಣ್ಣಾಸಾಹೇಬರ ಕಟ್ಟೆಯ ಮೇಲೆ ನಮ್ಮಂಥ ಅಭಿಮಾನಿಗಳ ದರಬಾರು ನೆರೆಯುತ್ತಿತ್ತು. ಒಳಗಿನಿಂದ ಚೂಡಾ ಮತ್ತು ಚಹಾ ಬರುತ್ತಿದ್ದವು. ತಿಂದು, ಕುಡಿದು, ಕೊಟ್ಟವರ ಕಾರಭಾರವನ್ನೇ ಟೀಕಿಸಿ ಮನೆಗೆ ಹೋಗುವುದು ನಮ್ಮ ಪದ್ಧತಿ. ಅವರೂ ಬೇಸರಪಡುತ್ತಿರಲಿಲ್ಲ. ಎಲ್ಲ ಕೇಳಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ತಾವು ಮೊದಲೇ ಮಾಡಬೇಕೆಂದುಕೊಂಡದ್ದನ್ನೇ ಮಾಡುತ್ತಿದ್ದರು.

ಅಂಥ ಒಂದು ಐತವಾರ ಅವರು, "ಹುಬ್ಬಳ್ಳಿಯೊಳಗ ಒಬ್ಬ ಹುಡುಗ ಸಿಕ್ಕಾನ. ನಾಯಕಿ ಪಾತ್ರ ಮಾಡ್ತಾನ. ಏನು ಕಂಠ ಅಂತೀರಿ," ಎಂದರು.

"ಫುಟ್ಬಾಲ್ ಹ್ಯಾಂಗ ಆಡ್ತಾನ್ರಿ?" ಎಂದ ರುದ್ರಪ್ಪ.

"ಆಡ್ತೀಯೇನೊ ಅಂತ ಕೇಳಿದೆ. ಆಡ್ತೇನಿ ಅಂದ."

ರುದ್ರಪ್ಪ ನನ್ನ ಮುಖ ನೋಡಿದ. ನಾನು ಚೂಡಾದಲ್ಲಿದ್ದ ಶೇಂಗಾಕಾಳು ಹುಡುಕತೊಡಗಿದೆ.

ಆ ಹುಡುಗನೇ ಚಂದ್ರಪ್ಪ. ಗದಗಿನ ಕಡೆಯವನು. ತಂದೆ ಬೆಳಗಾವಿಯ ಕ್ಯಾಂಪಿನಲ್ಲಿ ದರ್ಜಿ, ಹಾಗಾಗಿ ಬೆಳೆದದ್ದು ಸಿಪಾಯಿಗಳ ಆಟ ನೋಡುತ್ತ. ಆಮೇಲೆ ನಾಟಕದ ಕಂಪನಿ ಸೇರಿ ಹೆಣ್ಣುಪಾತ್ರಕ್ಕೆ ನಿಂತ. ಬೋಲಪಟ ಎಂಬ ಮಾತಾಡುವ ಸಿನಿಮಾ ಬಂದು ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಅವನ ಕಂಪನಿ ಹುಬ್ಬಳ್ಳಿಯಲ್ಲಿ ಮುರಿಯಿತು. ಪರದೆಗಳನ್ನು ಯಾರೋ ಒಯ್ದರು, ಹಾರ್ಮೋನಿಯಂ ಇನ್ನಾರೋ ಒಯ್ದರು. ಉಳಿದ ಚಂದ್ರಪ್ಪನನ್ನು ನಮ್ಮ ಅಣ್ಣಾಸಾಹೇಬರು ಕರೆತಂದು ತಮ್ಮ ಮನೆಯ ಹೊರಕೋಣೆಯಲ್ಲಿ ಇಟ್ಟುಕೊಂಡರು.

ಅವನು ಮೊದಲ ಸಲ ಮೈದಾನಕ್ಕೆ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಾತ್ರಕ್ಕಾಗಿ ಬೆಳೆಸಿದ ಉದ್ದ ಕೂದಲನ್ನು ಗಂಟುಹಾಕಿ ಕೆಂಪು ಕರವಸ್ತ್ರ ಬಿಗಿದಿದ್ದ. ನಡಿಗೆಯಲ್ಲಿ ಇನ್ನೂ ಒಂದಿಷ್ಟು ಸೀರೆಯ ನೆನಪಿತ್ತು. ರುದ್ರಪ್ಪ, "ಮುಗೀತು, ಇನ್ನ ಆರತಿ ತಾಟ ತರಬೇಕು," ಎಂದು ಗೊಣಗಿದ. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಒಂದು ಚೆಂಡು ಎತ್ತರಕ್ಕೆ ಬಂತು. ಅದು ಇಳಿಯುವ ಜಾಗದಲ್ಲಿ ಮೂವರು ಗಟ್ಟಿಗರು ಕಾಯುತ್ತ ನಿಂತಿದ್ದರು. ಚಂದ್ರಪ್ಪ ಎಲ್ಲಿಂದ ಬಂದನೋ, ಅವರ ನಡುವೆ ಎದ್ದ, ಹಣೆಯನ್ನು ಅತ್ತ ಮಾಡಿ ಚೆಂಡಿಗೆ ಇಷ್ಟೇ ಇಷ್ಟು ಮುಟ್ಟಿಸಿದ. ಚೆಂಡು ಹೇಳಿದ ಮಾತು ಕೇಳುವ ಮಗುವಿನಂತೆ ಗೋಲಿನ ಮೂಲೆಗೆ ಹೋಯಿತು. ರುದ್ರಪ್ಪ ಆ ದಿನ ಆರತಿ ತಾಟಿನ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಮಳೆಗಾಲ ನಾವು ಹಿಗ್ಗಿದ್ದೇ ಹಿಗ್ಗಿದ್ದು. ಹಿಂದೆಂದೂ ಗೆಲ್ಲದ ಮ್ಯಾಚು ಗೆದ್ದೆವು. ಎದುರು ಪಕ್ಷದ ಜನ ಚಂದ್ರಪ್ಪನ ಜಡೆಗಂಟು ನೋಡಿ, "ಅಕ್ಕಾರ, ಹಾದಿ ತಪ್ಪಿ ಬಂದ್ರೇನ್ರಿ?" ಎಂದು ಕೆಣಕುತ್ತಿದ್ದರು. ಅವನು ನಕ್ಕು ಕೈ ಮುಗಿಯುತ್ತಿದ್ದ, ಆಮೇಲೆ ಗೋಲು ಹೊಡೆಯುತ್ತಿದ್ದ. ವಿಲಂಬಿತ ತಾನಾಗಿಯೇ ಬಿಟ್ಟುಹೋಯಿತು. ನಮಗೆ ಬೇಕಾದದ್ದು ಒಂದು ಕಾರ್ನರ್. ಎಡಗಡೆಯ ಮೂಲೆಯಿಂದ ಚೆಂಡು ಎತ್ತಬೇಕು, ಅದು ಚಂದ್ರಪ್ಪನ ಹಣೆ ಹುಡುಕಿಕೊಂಡು ಹೋಗಬೇಕು. ಈ ಉಪಾಯ ಮೊದಲು ಹೇಳಿದವನು ನಾನೆಂದು ನಾನು ಹೇಳುತ್ತೇನೆ. ತಾನೆಂದು ರುದ್ರಪ್ಪ ಹೇಳುತ್ತಾನೆ. ಈ ವ್ಯಾಜ್ಯ ಇಂದಿಗೂ ತೀರಿಲ್ಲ. ಚಂದ್ರಪ್ಪ ಎದ್ದಾಗೆಲ್ಲ ಗೆರೆಯ ಹೊರಗೆ ನಿಂತ ನಮ್ಮ ತಲೆಗಳೂ ಮುಂದಕ್ಕೆ ಹೋಗುತ್ತಿದ್ದವು ಎಂಬುದು ಮಾತ್ರ ಇಬ್ಬರಿಗೂ ಒಪ್ಪಿಗೆ.

ಆ ವರ್ಷದ ಶೀಲ್ಡ್ ಪಂದ್ಯಗಳ ಫೈನಲ್ಲಿಗೆ ಮುಟ್ಟಿದೆವು. ಎದುರಿಗೆ ಹುಬ್ಬಳ್ಳಿಯ ತಂಡ. ಧಾರವಾಡದವರಿಗೆ ಹುಬ್ಬಳ್ಳಿಯವರನ್ನು ಸಂಗೀತದಲ್ಲಿ, ಮಾತಿನಲ್ಲಿ, ಫೇಡೆಯಲ್ಲಿ ಸೋಲಿಸಿ ಗೊತ್ತಿತ್ತು. ಫುಟ್ಬಾಲಿನಲ್ಲಿ ಸೋಲಿಸಿ ಗೊತ್ತಿರಲಿಲ್ಲ. ಆದರೆ ಅದರ ಹಿಂದಿನ ಮ್ಯಾಚಿನಲ್ಲಿ ಒಂದು ಎಡವಟ್ಟಾಗಿತ್ತು. ಆಗಿನ ತೊಗಲಿನ ಚೆಂಡಿನ ಬಾಯನ್ನು ತೊಗಲಿನ ದಾರದಿಂದಲೇ ಬಿಗಿದು ಹೊಲಿಯುತ್ತಿದ್ದರು. ಮಳೆಯಲ್ಲಿ ನೆಂದರೆ ಆ ಹೊಲಿಗೆ ಕಲ್ಲಾಗುತ್ತಿತ್ತು. ಅದು ಚಂದ್ರಪ್ಪನ ಎಡಹುಬ್ಬಿನ ಮೇಲೆ ಬಿದ್ದು ಚರ್ಮ ಸೀಳಿ ರಕ್ತ ಬಂದಿತ್ತು. ಗಾಯ ಸಣ್ಣದು, ಆದರೆ ಊತ ಇಳಿಯಲು ವಾರ ಹಿಡಿಯಿತು.

ಇತ್ತ ಗಣಪತಿ ಹಬ್ಬದ ನಾಟಕ ಹತ್ತಿರ ಬಂದಿತ್ತು. ಶನಿವಾರ ಹುಬ್ಬಳ್ಳಿಯಲ್ಲಿ ಫೈನಲ್, ಐತವಾರ ಧಾರವಾಡದಲ್ಲಿ ನಾಟಕ. ಅಣ್ಣಾಸಾಹೇಬರು ಇನ್ನೂ ನಡೆಯುತ್ತಿದ್ದ ಒಂದು ದೊಡ್ಡ ಕಂಪನಿಯ ಮಾಲೀಕರನ್ನು ನಾಟಕಕ್ಕೆ ಕರೆಸಿದ್ದರು. ಅವರಿಗೆ ಮನಸ್ಸಿಗೆ ಬಂದರೆ ಚಂದ್ರಪ್ಪನನ್ನು ಕಂಪನಿಗೆ ಸೇರಿಸಿಕೊಳ್ಳುವುದೆಂದು ಮಾತಾಗಿತ್ತು. ಚಂದ್ರಪ್ಪನ ಮುಂದಿನ ಬದುಕು ಆ ಒಂದು ನಾಟಕದ ಮೇಲೆ ನಿಂತಿತ್ತು.

ಫೈನಲ್ಲಿಗೆ ಎರಡು ದಿನವಿರುವಾಗ ನಾನು ಕಾರ್ನರಿನ ಬಗ್ಗೆ ಮತ್ತಷ್ಟು ಬುದ್ಧಿ ಹೇಳಲು ಅಣ್ಣಾಸಾಹೇಬರ ಮನೆಗೆ ಹೋದೆ. ಅವರು ಚಂದ್ರಪ್ಪನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಗದ್ದ ಹಿಡಿದು ಹಣೆ ನೋಡುತ್ತಿದ್ದರು.

"ನಾಯಕಿ ಹಣೀಮ್ಯಾಲೆ ಕುಂಕುಮ ಇರಬೇಕು, ಹೊಲಿಗಿ ಇರಬಾರದು," ಎಂದರು. "ಶನಿವಾರ ಕಾಲಿಲೆ ನಿನಗ ಹ್ಯಾಂಗ ಬೇಕೊ ಹಂಗ ಆಡು. ಚೆಂಡಿಗೆ ತಲಿ ಕೊಡಬ್ಯಾಡ. ನನಗ ಮಾತ ಕೊಡು."

ಚಂದ್ರಪ್ಪ ತನ್ನ ಹುಬ್ಬು ಮುಟ್ಟಿ ನೋಡಿಕೊಂಡ.

ನಾನು ತಡೆಯಲಾರದೆ, "ಅವನ ತಲಿ ಬಿಟ್ರ ನಮ್ಮ ಹತ್ರ ಏನು ಉಳೀತದರಿ?" ಎಂದೆ.

"ರಾಯರ, ನಿಮಗ ಗೋಲಿನ ಚಿಂತಿ. ನನಗ ಈ ಹುಡುಗನ ಚಿಂತಿ. ನಾಳೆ ಮುಖ ಕೆಟ್ರ ಇವನ್ನ ಯಾವ ಕಂಪನಿಯವರು ಕೇಳ್ತಾರ? ನೀವು ಕೇಳ್ತೀರೇನು?"

ಚಂದ್ರಪ್ಪ ಅವರ ಕಾಲು ಮುಟ್ಟಿ, "ಆತ್ರೀ ಸಾಹೇಬ್ರ. ಮಾತ ಕೊಟ್ಟೇನಿ," ಎಂದ.

ಅವನು ನನ್ನನ್ನು ರಸ್ತೆಯ ತಿರುವಿನವರೆಗೆ ಕಳಿಸಲು ಬಂದ. ತಿರುವು ಬಂದಾಗ ತಾನೇ ಮಾತೆತ್ತಿದ. "ಎರಡೂ ನನ್ನವ ಅದಾವ್ರಿ ರಾಯರ. ಸಾಹೇಬ್ರು ಹೇಳೂದು ಖರೇ ಐತಿ. ಆದ್ರ ಚೆಂಡ ಮ್ಯಾಲಿಂದ ಬರಾಕತ್ತಿದ್ದು ಕಂಡ್ರ, ಹಾಡ ಎತ್ತೂ ಮುಂದ ಎದಿಯಾಗ ಆಗತೈತಲ್ರಿ, ಹಂಗ ಆಗತೈತಿ."

ಹುಬ್ಬಳ್ಳಿಯ ಮೈದಾನ ಎರೆಭೂಮಿ. ಆ ದಿನ ಮಳೆ ಬಿಟ್ಟು ಒಳ್ಳೆ ಬಿಸಿಲಿತ್ತು. ಆಟದ ವಿವರ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಅವರದೊಂದು ಗೋಲು, ನಮ್ಮದೊಂದು. ನಮ್ಮದನ್ನು ಚಂದ್ರಪ್ಪನೇ ಕಾಲಿನಿಂದ ಹೊಡೆದ. ನಮ್ಮ ರಾಕ್ಷಸ ಗೋಲಿ ಆ ದಿನ ಯಾವ ದೇವರು ಮೈಮೇಲೆ ಬಂದಿತ್ತೋ, ಎರಡೂ ಅರ್ಧ ಬಾಗಿಲು ಕಾದ. ಹೊತ್ತು ಮುಗಿಯುತ್ತ ಬಂದಾಗ ನಮಗೊಂದು ಕಾರ್ನರ್ ಸಿಕ್ಕಿತು. ಎಡಗಡೆಯ ಮೂಲೆ. ರುದ್ರಪ್ಪ ನನ್ನ ತೋಳು ಹಿಡಿದ ರಭಸಕ್ಕೆ ಆಮೇಲೆ ವಾರಗಟ್ಟಲೆ ನೀಲಿಗಟ್ಟಿತ್ತು. ಚಂದ್ರಪ್ಪ ಮಾತು ಕೊಟ್ಟದ್ದು ನನಗೆ ಗೊತ್ತಿತ್ತು, ರುದ್ರಪ್ಪನಿಗೆ ಗೊತ್ತಿರಲಿಲ್ಲ. ನಾನು ಕೂಡ ಆ ಗಳಿಗೆಯಲ್ಲಿ, ದೇವರೇ, ಆ ಹುಡುಗ ಮಾತು ಮುರಿಯಲಿ ಎಂದುಕೊಂಡೆ.

ಚೆಂಡು ಬಂತು. ಕೈಯಿಂದ ಒಯ್ದು ಇಟ್ಟಂತೆ ಅವನ ಹಣೆಯ ಎತ್ತರಕ್ಕೇ ಬಂತು. ಹತ್ತಿರ ಯಾರೂ ಇರಲಿಲ್ಲ. ಧಾರವಾಡದಿಂದ ರೈಲು ಹತ್ತಿ ಬಂದ ಅಷ್ಟೂ ಜನರ ತಲೆಗಳು ಮುಂದೆ ಹೋದವು. ಕುರ್ಚಿಯಲ್ಲಿ ಕೂತಿದ್ದ ಅಣ್ಣಾಸಾಹೇಬರ ರುಮಾಲು ಕೂಡ ಮುಂದೆ ಹೋದದ್ದನ್ನು ನಾನು ಕಂಡೆ. ಹಿಂದೆ ಹೋದದ್ದು ಒಂದೇ ತಲೆ. ಚಂದ್ರಪ್ಪ ಎದ್ದವನು ಎದ್ದಲ್ಲೇ ಕತ್ತು ಹಿಂದಕ್ಕೆಳೆದು ಬಗ್ಗಿದ. ಚೆಂಡು ಅವನ ಕೂದಲಗಂಟಿನ ಮೇಲಿಂದ ದಾಟಿ ಹುಬ್ಬಳ್ಳಿಯವರ ಕಾಲಿಗೆ ಸಿಕ್ಕಿತು. ಅವರು ಅದನ್ನು ಈ ತುದಿಗೆ ತಂದು ಗೋಲು ಮಾಡಿದ ಮೇಲೆಯೇ ಬಿಟ್ಟರು.

ಮರಳುವ ರೈಲಿನಲ್ಲಿ ಚಂದ್ರಪ್ಪ ಬಾಗಿಲ ಹತ್ತಿರ ನಿಂತೇ ಇದ್ದ. ಜನ ಅವನಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಅಂಜುಬುರುಕ ಎಂದರು. ಹುಬ್ಬಳ್ಳಿಯಿಂದ ಬಂದವನು ಹುಬ್ಬಳ್ಳಿಗೇ ಆಡಿದ ಎಂದರು. ನಾನು ರುದ್ರಪ್ಪನಿಗೂ ಸುತ್ತಲಿನವರಿಗೂ ನಡೆದದ್ದನ್ನು ಹೇಳಿದೆ. ರೈಲಿನ ಸದ್ದಿನಲ್ಲಿ ಕೂಗಿಯೇ ಹೇಳಿದೆ.

"ಮಾತ ಕೊಟ್ಟಿದ್ನಂತ?" ಎಂದ ರುದ್ರಪ್ಪ. "ಚೆಂಡ ಎದುರಿಗೆ ಬಂದಾಗ ಮಾತ ಯಾರಿಗೆ ನೆನಪಿರ್ತೈತ್ರಿ? ನೆನಪಿಟ್ಟಾನಂದ್ರ ಅದೂ ತಪ್ಪ."

ಮರುದಿನ ಥೇಟರು ಕಿಕ್ಕಿರಿದಿತ್ತು. ಅರ್ಧ ಜನ ನಾಟಕ ನೋಡಲು ಬಂದಿದ್ದರು, ಅರ್ಧ ಜನ ಚಂದ್ರಪ್ಪನ ಹಣೆ ನೋಡಲು. ಮೊದಲ ಸಾಲಿನಲ್ಲಿ ಅಣ್ಣಾಸಾಹೇಬರ ಪಕ್ಕದಲ್ಲಿ ಕಂಪನಿಯ ಮಾಲೀಕರು ಕೂತಿದ್ದರು. ಚಂದ್ರಪ್ಪ ಜರಿಯ ಸೀರೆಯಲ್ಲಿ ಬಂದಾಗ ನಾನೂ ಮೊದಲು ಹಣೆಯನ್ನೇ ನೋಡಿದೆ. ಗಾಯದ ಗುರುತಿಲ್ಲ, ಊತವಿಲ್ಲ, ಹಣೆ ತೊಳೆದ ತಾಟಿನ ಹಾಗಿತ್ತು. ಮೊದಲ ಹಾಡಿಗೇ ಮಾಲೀಕರು ತಲೆದೂಗಿದರು. ಎರಡನೆಯ ಅಂಕದಲ್ಲಿ ಉದ್ಯಾನದ ದೃಶ್ಯ. ನಾಯಕ ದೂರದಿಂದ ಒಂದು ಹೂಚೆಂಡು ಎಸೆಯುತ್ತಾನೆ, ನಾಯಕಿ ಅದನ್ನು ಹಿಡಿದು ಎದೆಗೊತ್ತಿಕೊಂಡು ಹಾಡಬೇಕು. ನಾಯಕ ಎಸೆದ. ಹೂಚೆಂಡು ಮೇಲೆದ್ದು ಚಂದ್ರಪ್ಪನತ್ತ ಇಳಿಯುತ್ತಿರುವಾಗ ಹಿಂದಿನಿಂದ ಯಾರೋ, "ತಲಿ ಕೊಡೊ ಚಂದ್ರಪ್ಪಾ," ಎಂದು ಕೂಗಿದರು.

ಇಡೀ ಥೇಟರು ನಕ್ಕಿತು. ಆ ನಗು ನಿಲ್ಲಲೇ ಇಲ್ಲ, ಒಂದು ಮೂಲೆಯಲ್ಲಿ ಇಳಿದರೆ ಇನ್ನೊಂದು ಮೂಲೆಯಲ್ಲಿ ಏಳುತ್ತಿತ್ತು. ರುದ್ರಪ್ಪ ನಗಲಿಲ್ಲ, ತನ್ನ ಕಾಲು ನೋಡುತ್ತ ಕೂತ. ಹೂಚೆಂಡು ಚಂದ್ರಪ್ಪನ ಪಾದದ ಹತ್ತಿರ ಬಿದ್ದಿತ್ತು. ಹಾರ್ಮೋನಿಯಮ್ಮಿನವರು ಹಾಡಿನ ಎತ್ತುಗಡೆಯನ್ನು ನುಡಿಸಿದರು, ಮತ್ತೆ ನುಡಿಸಿದರು, ಮತ್ತೂ ನುಡಿಸಿದರು. ಅವನ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಎರಡೂ ಕೈ ಜೋಡಿಸಿ ಸಭೆಗೆ ನಮಸ್ಕಾರ ಮಾಡಿ ಒಳಗೆ ಹೋದ. ಪರದೆ ಬಿತ್ತು. ಕಂಪನಿಯ ಮಾಲೀಕರು ಅಣ್ಣಾಸಾಹೇಬರ ಕೈ ಕುಲುಕಿ ಎದ್ದು ಹೋದರು. ಎರಡು ದಿನದ ಮೇಲೆ ಹೊರಕೋಣೆಯೂ ಖಾಲಿಯಾಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನ ಒಲೆ ಇಂದಿಗೂ ಉರಿಯುತ್ತಿದೆ. ಅವನು ಆ ಚೆಂಡಿಗೆ ಹಣೆ ಕೊಟ್ಟು, ಹಣೆ ಒಡೆದು, ಶೀಲ್ಡು ತಂದಿದ್ದರೆ ಏನಾಗುತ್ತಿತ್ತು? ಧಾರವಾಡದ ಜನ ಆ ಪಟ್ಟಿ ಕಟ್ಟಿದ ಹಣೆಯ ನಾಯಕಿಯನ್ನೇ ನೋಡಲು ಮುರಕೊಂಡು ಬೀಳುತ್ತಿದ್ದರು. ಹೂಚೆಂಡು ಬಂದಾಗ ಅದೇ ಮಾತನ್ನೇ ಕೂಗುತ್ತಿದ್ದರೇನೋ, ಆದರೆ ಆ ಕೂಗಿನಲ್ಲಿ ಅಕ್ಕರೆ ಇರುತ್ತಿತ್ತು. ಮುಖ ಉಳಿಸಲು ಹೋಗಿ ಆಟ ಹೋಯಿತು, ಆಟ ಹೋದದ್ದಕ್ಕೆ ನಾಟಕ ಹೋಯಿತು. ಇಷ್ಟು ಸರಳವಾದ ಲೆಕ್ಕ ಕಟ್ಟೆಯ ಮೇಲೆ ಕೂತ ನಮ್ಮ ಯಾರ ತಲೆಗೂ ಮೊದಲು ಹೊಳೆಯಲಿಲ್ಲ. ನನಗಿದು ಬಹಳ ಕೆಡುಕೆನಿಸುತ್ತದೆ.

ಅಣ್ಣಾಸಾಹೇಬರು ಆಮೇಲೆ ಕ್ರೀಡೆಯನ್ನೂ ಬಿಟ್ಟರು, ನಾಟ್ಯವನ್ನೂ ಬಿಟ್ಟರು. ಅಭ್ಯಾಸಬಲದಿಂದ ನಾವು ಐತವಾರ ಹೋಗುತ್ತಿದ್ದೆವು, ಚೂಡಾ ಬರುತ್ತಿತ್ತು, ಟೀಕೆ ಮಾಡಲು ಏನೂ ಉಳಿದಿರಲಿಲ್ಲ. ಒಮ್ಮೆ ಅವರು ಮಾತಿನ ನಡುವೆ, "ರಾಯರ, ನಾ ಅವನ ಹಣಿ ಉಳಿಸಿದೆ. ಅವನ್ನ ಉಳಿಸಲಿಲ್ಲ," ಎಂದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ದಿನ ಇಳಿಯಿತು. ಸಿಟ್ಟು ಇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ಸಂಜೆ ಕಾಲೇಜಿನ ಹುಡುಗರು ಆಡುವ ಮೈದಾನದ ಪಕ್ಕ ಹಾದು ಬರುತ್ತಿದ್ದೆ. "ರಾಯರ ಅಲ್ಲೇನ್ರಿ?" ಎಂದು ಯಾರೋ ಕರೆದರು. ಮುಖದ ಗುರುತು ಹತ್ತುವ ಮೊದಲೇ ದನಿಯ ಗುರುತು ಹತ್ತಿತು. ಚಂದ್ರಪ್ಪ. ಕೂದಲು ಸಣ್ಣಗೆ ಕತ್ತರಿಸಿದ್ದ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಗದಗಿನಲ್ಲಿ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಹಾಡು ಕಲಿಸುತ್ತಾನಂತೆ. ಅಣ್ಣಾಸಾಹೇಬರು ತೀರಿಕೊಂಡ ಸುದ್ದಿ ಅವನಿಗೆ ಹಿಂದೆಯೇ ತಲುಪಿತ್ತು. ಇಬ್ಬರೂ ಗೆರೆಯ ಹೊರಗೆ ನಿಂತು ಆಟ ನೋಡಿದೆವು. ಹಳೆಯದನ್ನು ಯಾರೂ ಎತ್ತಲಿಲ್ಲ. ಹುಡುಗರ ಆಟದಲ್ಲಿ ತಪ್ಪು ಹುಡುಕಿದೆವು.

ಅಷ್ಟರಲ್ಲಿ ಯಾರೋ ಜೋರಾಗಿ ಒದ್ದ ಚೆಂಡು ಎತ್ತರಕ್ಕೆ ಹೋಗಿ ನಮ್ಮಿಬ್ಬರ ಕಡೆಗೇ ಇಳಿಯಿತು. ನನ್ನ ತಲೆ ಮುಂದೆ ಹೋಯಿತು. ಹಸಿ ತೊಗಲು ಹಣೆಗೆ ಬಡಿದು ಕಣ್ಣಿಗೆ ಕತ್ತಲೆ ಬಂತು, ನನ್ನ ಟೊಪ್ಪಿಗೆ ಕೆಸರಿಗೆ ಬಿತ್ತು, ಹುಡುಗರು ಸೀಟಿ ಹೊಡೆದು ನಕ್ಕರು. ಕನ್ನಡಕ ಸರಿಮಾಡಿಕೊಂಡು ಪಕ್ಕಕ್ಕೆ ನೋಡಿದೆ. ಚಂದ್ರಪ್ಪ ಕತ್ತು ಹಿಂದಕ್ಕೆಳೆದು, ಎರಡೂ ಕೈ ಮುಖದ ಮುಂದೆ ಹಿಡಿದು, ಅಂದು ಬಗ್ಗಿದ ಹಾಗೆಯೇ ಬಗ್ಗಿದ್ದ. ನಿಧಾನವಾಗಿ ನೆಟ್ಟಗಾಗಿ ತನ್ನ ಕೈಗಳನ್ನು ತಾನೇ ನೋಡಿಕೊಂಡ.

"ಸಾಹೇಬ್ರು ಹೋಗೇ ಎಷ್ಟೋ ವರ್ಷ ಆತು," ಎಂದ. "ಈ ತಲಿ ಇನ್ನೂ ಅವರ ಮಾತ ಕೇಳಾಕತ್ತೈತಿ ನೋಡ್ರಿ ರಾಯರ."

ನಾನು ಟೊಪ್ಪಿಗೆಯ ಕೆಸರು ಒರೆಸುತ್ತ ನಿಂತೆ. ಹುಡುಗರು ಚೆಂಡಿಗಾಗಿ ಕೂಗುತ್ತಿದ್ದರು. ಅವನು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಧೋತರದ ನೆರಿಗೆ ಎತ್ತಿ ಹಿಡಿದು, ಎಡಗಾಲಿನಿಂದ ಚೆಂಡನ್ನು ಒದ್ದ. ಅದು ಮೈದಾನದ ಆಚೆ ತುದಿಯಲ್ಲಿ ಕೈಯೆತ್ತಿ ನಿಂತಿದ್ದ ಹುಡುಗನ ಪಾದಕ್ಕೇ ಹೋಗಿ ಇಳಿಯಿತು. ನಗು ನಿಂತಿತು. ನಾನು ಅವನ ಮುಖ ನೋಡಿದೆ.

"ಕಾಲ ಯಾರಿಗೂ ಮಾತ ಕೊಟ್ಟಿದ್ದಿಲ್ರಿ," ಎಂದು ಚಂದ್ರಪ್ಪ ಕೊಡೆ ಇಸಿದುಕೊಂಡ.